ವಾಸನೆ: ಇಲ್ಲ

ನಮ್ಮ ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಏಳು ಕಾಲಂಗಳಿವೆ. ತಾರೀಕು, ವೇಳೆ, ಒಳಗೆ ಹೋದವರ ಹೆಸರು, ಕೋಣೆಯ ಉಷ್ಣತೆ, ಗಾಳಿಯ ತೇವ, ಧೂಳಿನ ಎಣಿಕೆ. ಕೊನೆಯದು ವಾಸನೆ. ಬೇರೆ ಅಳತೆಗಳನ್ನೆಲ್ಲ ಗೋಡೆಯ ಮೇಲಿನ ಮೀಟರುಗಳು ಹೇಳುತ್ತವೆ. ವಾಸನೆಗೆ ಮಾತ್ರ ಮೂಗೇ ಆಗಬೇಕು. ಒಳಕೋಣೆಗೆ ಹೋಗುವ ಇಬ್ಬರೂ ತಮ್ಮ ಬಿಳಿ ನಿಲುವಂಗಿಯನ್ನು ಮುಖಕ್ಕೆ ಹಿಡಿದು ಮೂಸಿ, 'ಇದೆ' ಅಥವಾ 'ಇಲ್ಲ' ಎಂದು ಬರೆದು ಸಹಿ ಹಾಕಬೇಕು. ಯಾರು ಮೊದಲು ಬರೆಯಬೇಕೆಂದು ನಿಯಮದಲ್ಲಿ ಇಲ್ಲ. ಪೆನ್ನು ಮೊದಲು ನನ್ನ ಹಿರಿಯರಾದ ಕೆಂಪರಾಜ್ ಸರ್ ಕೈಗೆ ಹೋಗುತ್ತಿತ್ತು, ಅಷ್ಟೆ. ಅವರು ಬರೆದ ಮೇಲೆ ನಾನು ಬರೆಯುತ್ತಿದ್ದೆ.

ಹೋದ ಗುರುವಾರದಿಂದ ಈ ಗುರುವಾರದವರೆಗೆ, ಭಾನುವಾರ ಬಿಟ್ಟು, ಏಳು ಸಲ ನಾನು 'ಇಲ್ಲ' ಎಂದು ಬರೆದಿದ್ದೆ. ಮೊದಲ ಸಲ ಅದು ಸುಳ್ಳು. ಆಮೇಲೆ ಮೂಗಿಗೇ ಅಭ್ಯಾಸವಾಗಿತ್ತು.

ಇದು ಗೊತ್ತಾದದ್ದು ಈ ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ.

ನಮ್ಮ ಲ್ಯಾಬ್ ಇರುವುದು ಬೂದಿಗೆರೆ ದಾಟಿದ ಮೇಲೆ, ಒಂದು ದ್ರಾಕ್ಷಿ ತೋಟಕ್ಕೂ ಇನ್ನೂ ಗಾರೆ ಒಣಗದ ವಿಲ್ಲಾಗಳ ಸಾಲಿಗೂ ನಡುವೆ. ಹೊರಗಿನಿಂದ ನೋಡಿದವರು ಕೋಳಿ ಫಾರಂ ಎಂದುಕೊಳ್ಳುತ್ತಾರೆ. ಒಳಗೆ ಇದ್ದದ್ದು ಊಟದ ತಟ್ಟೆಯಷ್ಟು ಅಗಲದ ಒಂದು ಕನ್ನಡಿ, ಅದನ್ನು ಕೂರಿಸಿದ, ಒಳಮೈಗೆಲ್ಲ ಕಪ್ಪು ಬಳಿದ ಒಂದು ಕೊಳವೆ. ಇದು ಉಪಗ್ರಹದ ಮೇಲೆ ಕೂತು ಸೂರ್ಯನ ಹೊರ ವಾತಾವರಣವನ್ನು ನೋಡಬೇಕಾದ ದೂರದರ್ಶಕ. ಅಲ್ಲಿಂದ ಬರುವ ಬೆಳಕು ಅತಿನೇರಳೆ. ನಮ್ಮ ಕಣ್ಣಿಗೆ ಕಾಣದು, ನಮ್ಮ ಗಾಳಿಯನ್ನು ದಾಟಿ ಕೆಳಗೂ ಬಾರದು. ಅದಕ್ಕೇ ಮೇಲೆ ಹೋಗಿ ಹಿಡಿಯಬೇಕು. ಈ ಬೆಳಕಿನ ಸ್ವಭಾವ ಏನೆಂದರೆ, ಕನ್ನಡಿಯ ಮೇಲೆ ಒಂದೇ ಒಂದು ಅಣುವಿನಷ್ಟು ದಪ್ಪದ ಎಣ್ಣೆ ಪೊರೆ ಕೂತರೂ ಅದು ಅಲ್ಲೇ ಸತ್ತುಹೋಗುತ್ತದೆ. ನಾವು ಮಲ್ಲಿಗೆ ಮುಡಿಯುವಂತಿಲ್ಲ, ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಅತ್ತರ್ ಹಾಕುವಂತಿಲ್ಲ. ಮೂರು ವರ್ಷದಿಂದ ನಾನು ಮೆಹಂದಿ ಹಾಕಿಲ್ಲ. ಅಮ್ಮಿ ಮದುವೆ ಮನೆಗಳಲ್ಲಿ ನನ್ನ ಬೋಳು ಕೈಗಳನ್ನು ದುಪಟ್ಟಾದಲ್ಲಿ ಮುಚ್ಚಿಸಿ ಕೂರಿಸುತ್ತಾಳೆ.

ಆ ಕನ್ನಡಿಯನ್ನು ಯಾರೂ ಮುಟ್ಟುವಂತಿಲ್ಲವಾದ್ದರಿಂದ ಅದರ ಪಕ್ಕದಲ್ಲಿ ಒಂದು ಗಾಜಿನ ಚೂರು ಇಟ್ಟಿರುತ್ತೇವೆ. ಅದೇ ಲೇಪ, ಅದೇ ಗಾಳಿ. ಕನ್ನಡಿಗೆ ಆದದ್ದೆಲ್ಲ ಅದಕ್ಕೂ ಆಗುತ್ತದೆ. ಅದಕ್ಕೆ ಸಾಕ್ಷಿ ಗಾಜು ಎನ್ನುತ್ತೇವೆ. ಹದಿನೈದು ದಿನಕ್ಕೊಮ್ಮೆ ಅದನ್ನು ತೆಗೆದು ಅಳೆಯುವುದು ನನ್ನ ಕೆಲಸ. ಹೋದ ಸಲ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತೊಂದು ಪಾಲು ವಾಪಸ್ಸು ಕೊಟ್ಟಿತ್ತು.

ಈ ಸಲ ಎಪ್ಪತ್ತನಾಲ್ಕು.

"ಮೀಟರ್ ಆಟ ಆಡ್ತಿದೆ" ಎಂದರು ಕೆಂಪರಾಜ್ ಸರ್, ತಿರುಗಿಯೂ ನೋಡದೆ. ಅವರು ನಿರ್ವಾತ ತೊಟ್ಟಿಯ ಪಂಪುಗಳ ಮುಂದೆ ಕೂತಿದ್ದರು. ಬೆಳಿಗ್ಗೆ ಎಂಟಕ್ಕೇ ಕನ್ನಡಿಯನ್ನು ಕೊಳವೆ ಸಮೇತ ತೊಟ್ಟಿಯೊಳಗಿಟ್ಟು ಗಾಳಿ ಎಳೆಯಲು ಶುರುಮಾಡಿದ್ದೆವು. "ಇನ್ನೊಂದ್ಸಲ ತಗೋ."

ಇನ್ನೊಂದು ಸಲ ತೆಗೆದುಕೊಂಡೆ. ಎಪ್ಪತ್ಮೂರು ಪಾಯಿಂಟ್ ಎಂಟು.

"ಸರ್, ಇನ್ನೂ ಕಮ್ಮಿ ಬಂತು."

"ಅಂಬರೀನ್, ಮೂರು ಗಂಟೆಗೆ ದೀಪ ಹಚ್ಬೇಕು. ಶನಿವಾರ ಬೆಳಿಗ್ಗೆ ಇದನ್ನ ಒಯ್ಯಕ್ಕೆ ಲಾರಿ ಬರತ್ತೆ. ಈಗ ಮೀಟರ್ ಬಿಚ್ಕೊಂಡು ಕೂರಕ್ಕಾಗತ್ತಾ? ಬರ್ಕೊ, ಆಮೇಲೆ ನೋಡೋಣ."

ದೀಪ ಎಂದರೆ ಅತಿನೇರಳೆ ದೀಪ. ತೊಟ್ಟಿಯ ಒಂದು ತುದಿಯಲ್ಲಿ ಅದನ್ನು ಆರು ತಾಸು ಉರಿಸಿ, ಸೂರ್ಯನೇ ಎದುರಿಗಿದ್ದಾನೆ ಎಂಬಂತೆ ಕನ್ನಡಿಯನ್ನು ಪರೀಕ್ಷಿಸುವುದು. ಅದನ್ನು ಈಗ ಹಚ್ಚಬಾರದು ಅನ್ನಿಸಿತು. ಯಾಕೆಂದರೆ ಲ್ಯಾಬಿಗೆ ಸೇರಿದ ಮೊದಲ ವಾರ ಕೆಂಪರಾಜ್ ಸರ್ ನನಗೆ ಕಲಿಸಿದ್ದೇ ಇದನ್ನು: ಕನ್ನಡಿಯ ಮೇಲೆ ಏನಾದರೂ ಕೂತಿದ್ದರೆ, ಬಿಸಿ ಮಾಡಿ ನಿರ್ವಾತದಲ್ಲಿ ಬಿಟ್ಟರೆ ಅದು ಎದ್ದು ಹೋಗಬಹುದು. ಆದರೆ ಅದರ ಮೇಲೆ ಅತಿನೇರಳೆ ಬಿತ್ತೋ, ಬಾಣಲಿಗೆ ಹಾಲು ಸೀದು ಹಿಡಿದ ಹಾಗೆ. ಮತ್ತೆ ಯಾವ ದೇವರಿಂದಲೂ ಬಿಡಿಸಲಾಗದು.

ಮೀಟರ್ ಸುಳ್ಳು ಹೇಳುತ್ತಿಲ್ಲದಿದ್ದರೆ ಏನೋ ಕೂತಿದೆ. ಎಲ್ಲಿಂದ?

ನಿಲುವಂಗಿ ಕೋಣೆಗೆ ಹೋದೆ. ಬೀರುವಿನ ಬಾಗಿಲು ತೆಗೆದು, ಕಣ್ಣು ಮುಚ್ಚಿ, ಉಸಿರು ಹೊರಗೆ ಬಿಟ್ಟು, ಕಾಯ್ದು, ಆಮೇಲೆ ಎಳೆದೆ. ನಾನು ಇಲ್ಲಿಗೆ ಒಂದು ಗಂಟೆ ದಾರಿಯ ವಿಜಯಪುರದ ರೇಷ್ಮೆ ರೀಲಿಂಗ್ ಮನೆಯಲ್ಲಿ ಹುಟ್ಟಿದವಳು. ಬೇಯುವ ಗೂಡಿನ ನಾತದ ನಡುವೆಯೇ ಅಮ್ಮಿ ಯಾವ ಮಸಾಲೆ ಹುರಿಯುತ್ತಿದ್ದಾಳೆಂದು ಹೇಳಬಲ್ಲವಳು. ಅಭ್ಯಾಸದ ಪರದೆ ಒಂದು ಕ್ಷಣ ಸರಿಯಿತು. ಅದೇ ವಾಸನೆ. ಹೋದ ಗುರುವಾರ ಬಂದದ್ದೇ.

ಕೆಳಗಿನ ಅರೆಯ ಹಿಂದೆ, ಬಿಳಿ ಮಲ್ಲು ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಕಟ್ಟಿದ ಒಂದು ಪುಟ್ಟ ಗಂಟು. ಬಿಚ್ಚಿದೆ. ನುಸಿಗುಳಿಗೆ. ಆರೇಳು ಇದ್ದವು, ಅರ್ಧಕ್ಕರ್ಧ ಸವೆದಿದ್ದವು. ಸವೆದ ಅರ್ಧ ಎಲ್ಲಿ ಹೋಯಿತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಿಲುವಂಗಿಗೆ, ನಿಲುವಂಗಿಯಿಂದ ಒಳಕೋಣೆಗೆ, ಅಲ್ಲಿಂದ ಕೊಳವೆಯ ಕಪ್ಪು ಬಣ್ಣಕ್ಕೆ, ಕನ್ನಡಿಗೆ.

ಹಿಂದಿನ ಜಗುಲಿಯಲ್ಲಿ ಮುತ್ಯಾಲಮ್ಮ ಒಗೆದ ಕೈಗವಸುಗಳನ್ನು ಜೋಡಿ ಮಾಡುತ್ತಿದ್ದಳು. ನಮ್ಮ ನಿಲುವಂಗಿಗಳನ್ನೆಲ್ಲ ನೋಡಿಕೊಳ್ಳುವವಳು ಅವಳು. ವಯಸ್ಸು ಐವತ್ತರ ಮೇಲೆ. ಪಕ್ಕದ ಊರಿನ ಗೌಡರ ಮನೆ ಹೆಂಗಸು.

"ಮುತ್ಯಾಲಮ್ಮ, ಇದು ನೀವಿಟ್ಟಿದ್ದಾ?"

ಅವಳ ಮುಖ ಅರಳಿತು. "ಹೂಂ ಕಣಮ್ಮಣ್ಣಿ! ಪಕ್ಕದ ಹೊಲ ಜೆಸಿಬಿ ಹಾಕಿ ಕೆರೆದ್ರಲ್ಲ, ಅಲ್ಲಿದ್ದ ಜಿರಳೆ ಎಲ್ಲ ಇಲ್ಲೇ ವಲಸೆ. ಬೀರುವಿನೊಳ್ಗೆ ಎರಡು ಕಂಡ್ವು. ಇಷ್ಟು ಒಳ್ಳೆ ಬಟ್ಟೆ, ತೂತು ಮಾಡಿದ್ರೆ ನಿಮ್ಮ ಸರ್ ಸುಮ್ನಿರ್ತಾರಾ? ನಮ್ಮನೇಲಿ ಧಾರೆ ಸೀರೆಗೂ ನಾನಿಷ್ಟು ಮಾಡಿಲ್ಲ. ನೆಲಕ್ಕೆ ತಾಗ್ಬಾರ್ದು ಅಂತ ಗಂಟು ಬೇರೆ ಕಟ್ಟಿದೀನಿ."

"ಯಾವತ್ತು ಇಟ್ರಿ?"

"ಹೋದ ಬುಧವಾರ ಸಂಜೆ. ಯಾಕಮ್ಮಣ್ಣಿ, ಕಮ್ಮಿ ಆಯ್ತಾ?"

ಬೀರುವಿನ ಮೇಲೆ ಏನೇನು ಇಡಬಾರದೆಂಬ ಪಟ್ಟಿ ಅಂಟಿಸಿದ್ದೇವೆ. ಪಟ್ಟಿ ಇಂಗ್ಲಿಷಿನಲ್ಲಿದೆ. ಅದರಲ್ಲೂ ನುಸಿಗುಳಿಗೆಯ ಹೆಸರಿಲ್ಲ. ಅದನ್ನು ಬರೆದವರ ಮನೆಯಲ್ಲಿ ಸೀರೆ ಪೆಟ್ಟಿಗೆ ಇರಲಿಲ್ಲವೇನೋ.

"ಕೆಲ್ಸಕ್ಕೇನಾದ್ರೂ ತೊಂದ್ರೆ ಆಯ್ತಾ?" ಅವಳ ದನಿ ಇಳಿಯಿತು. "ಹಂಗಿದ್ರೆ ಹೇಳ್ಬಿಡು. ಸೂರ್ಯನ್ನ ನೋಡಕ್ಕೆ ಇಷ್ಟೆಲ್ಲ ಮಡಿ ಬೇಕು ಅಂತ ನಂಗೇನ್ ಗೊತ್ತು. ನಮ್ಮ ರಾಗಿ ಹೊಲಕ್ಕೆ ಅವ್ನು ದಿನಾ ಹಂಗೇ ಬರ್ತಾನೆ."

"ಏನಿಲ್ಲ ಮುತ್ಯಾಲಮ್ಮ" ಎಂದೆ. ಇದು ಎಂಟನೆಯ 'ಇಲ್ಲ'.

ಹೋದ ಗುರುವಾರ ಆದದ್ದನ್ನು ಹೇಳಬೇಕು. ಹಿಂದಿನ ದಿನ ನನ್ನ ಚಿಕ್ಕಪ್ಪನ ಮಗಳು ಶಾಕಿರಾಳ ನಿಕಾಹ್ ಇತ್ತು. ಅಮ್ಮಿಯ ಟ್ರಂಕಿನಿಂದ ತೆಗೆದ ಬಟ್ಟೆ ಉಟ್ಟಿದ್ದೆ. ಮರುದಿನ ಬೆಳಿಗ್ಗೆ ನಿಲುವಂಗಿಯನ್ನು ಮೂಸಿದಾಗ ಟ್ರಂಕಿನದೇ ವಾಸನೆ. ಇದು ನನ್ನದೇ, ನನ್ನ ಮೈಯಿಂದ, ನನ್ನ ಕೂದಲಿಂದ ಬರುತ್ತಿದೆ. 'ಇದೆ' ಎಂದು ಬರೆದರೆ ಆ ದಿನ ಒಳಗೆ ಬಿಡುವುದಿಲ್ಲ, ಯಾಕೆ ಎಂದು ಕೇಳುತ್ತಾರೆ, ಮದುವೆ ಮನೆಯಿಂದ ವಾಸನೆ ಹೊತ್ತು ತಂದ ಹುಡುಗಿ ಎಂದು ವರದಿಯಲ್ಲಿ ಬರುತ್ತದೆ. ನಾನು ಹುಬ್ಬು ಅಲುಗಿಸದೆ, ಮೂಗು ಸಿಂಡರಿಸದೆ, ಮುಖವನ್ನು ಕಲ್ಲು ಮಾಡಿಕೊಂಡು ನಿಂತೆ. ಕೆಂಪರಾಜ್ ಸರ್ ನನ್ನ ಕಡೆ ಒಂದು ಸಲ ನೋಡಿ 'ಇಲ್ಲ' ಎಂದು ಬರೆದರು. ಸದ್ಯ, ಅವರಿಗೇ ಬರಲಿಲ್ಲವೆಂದರೆ ಇದು ನನ್ನ ಭ್ರಮೆ. ನಾನೂ ಬರೆದೆ.

ಈಗ ಗಂಟೆ ಹನ್ನೆರಡೂವರೆ. ಅವರೇ ಮೂಸಿ ನೋಡಲಿ, ಅವರೇ ಪಂಪು ನಿಲ್ಲಿಸಲಿ, ಬಾಯಿ ಬಿಡುವ ಕೆಲಸ ನನಗೆ ಬೇಡ. ಇದೇ ನನ್ನ ತಲೆಯಲ್ಲಿ ಇದ್ದದ್ದು. ಒಂದು ನಿಲುವಂಗಿಯ ಟೋಪಿಯೊಳಗೆ ನಾಲ್ಕು ಗುಳಿಗೆ ಹಾಕಿ ಮಡಚಿ ತೆಗೆದುಕೊಂಡು ಹೋದೆ. ಅವರು ಹೊರಕೋಣೆಯಲ್ಲಿ, ತೊಟ್ಟಿಯ ಪರದೆಗಳ ಮುಂದೆ ಮೊಸರನ್ನ ತಿನ್ನುತ್ತಿದ್ದರು.

"ಸರ್, ಇದನ್ನ ಸ್ವಲ್ಪ ಮೂಸಿ ನೋಡ್ತೀರಾ?"

ಡಬ್ಬಿ ಪಕ್ಕಕ್ಕಿಟ್ಟು, ಎಡಗೈಯಲ್ಲಿ ಟೋಪಿ ಹಿಡಿದು, ಮೂಗಿಗೆ ಒತ್ತಿ ದೀರ್ಘವಾಗಿ ಉಸಿರೆಳೆದರು. ನನ್ನ ಮುಖ ನೋಡಿದರು. ನಾನು ಏನೂ ತೋರಿಸಲಿಲ್ಲ.

"ಏನೂ ಇಲ್ವಲ್ಲ. ಯಾಕೆ?"

ಒಂದು ಮಾರು ದೂರ ನಿಂತಿದ್ದ ನನ್ನ ಕಣ್ಣಲ್ಲಿ ಆ ಘಾಟಿಗೆ ನೀರು ಬರುತ್ತಿತ್ತು. ನಾನು ಟೋಪಿ ವಾಪಸ್ ತೆಗೆದುಕೊಂಡು ಅಂಗೈ ಮೇಲೆ ಬೋರಲು ಹಾಕಿದೆ. ನಾಲ್ಕು ಬಿಳಿ ಗುಂಡುಗಳು ಉರುಳಿದವು. ಅವರು ಅವನ್ನು ನೋಡಿದರು. ನನ್ನನ್ನು ನೋಡಿದರು.

"ಎಲ್ಲಿತ್ತು?"

"ಬೀರುವಿನಲ್ಲಿ. ಎಂಟು ದಿನದಿಂದ. ಸರ್, ನಿಮಗೆ..."

"ಬಾಗ್ಲು ಹಾಕು."

ಹಾಕಿದೆ.

"ಕೋವಿಡ್ ಎರಡನೇ ಅಲೇಲಿ ಹೋಗಿದ್ದು" ಎಂದರು. "ಆಸ್ಪತ್ರೆಯಿಂದ ಬಂದ್ಮೇಲೆ ಎಲ್ಲ ವಾಪಸ್ ಬಂತು, ಇದೊಂದು ಬರ್ಲಿಲ್ಲ. ಮನೇಲಿ ಸಾರು ಸೀದ್ರೂ ಗೊತ್ತಾಗಲ್ಲ. ಹೆಂಡ್ತಿಗೂ ಹೇಳಿಲ್ಲ. ಚೆನ್ನಾಗಿದೆ ಅಂತ ಎರಡನೇ ಸಲ ಬಡಿಸ್ಕೊಳ್ತೀನಿ."

"ಮತ್ತೆ ದಿನಾ ಹೆಂಗ್ ಬರೀತಿದ್ರಿ?"

"ನಿನ್ನ ಮುಖ ನೋಡಿ."

ಮೂರು ವರ್ಷದ ಹಿಂದೆ ಅವರು ವಿಜಯಪುರದ ನಮ್ಮ ಮನೆಗೆ ಬಂದಿದ್ದರು. ಸಂದರ್ಶನದಲ್ಲಿ ಐದು ಪುಟ್ಟ ಸೀಸೆಗಳನ್ನು ಮೂಸಲು ಕೊಟ್ಟಿದ್ದರು, ನಾನು ಐದಕ್ಕೂ ಸರಿಯಾಗಿ ಹೇಳಿದ್ದೆ. ಅಷ್ಟು ದೂರದ ಕೆಲಸಕ್ಕೆ ಅಬ್ಬಾ ಒಪ್ಪಿರಲಿಲ್ಲ. "ನಿಮ್ಮ ಮಗಳ ಮೂಗು ನಂಗೆ ಬೇಕು, ಅನೀಸ್ ಸಾಹೇಬ್ರೇ" ಎಂದಿದ್ದರು ಇವರು. "ಮೂಗೊಂದೇ ಹೆಂಗ್ ಕೊಡೋದು ಸಾಬ್, ಪೂರ್ತಿ ಹುಡುಗೀನೇ ಕರ್ಕೊಂಡೋಗಿ" ಎಂದು ಅಬ್ಬಾ ನಕ್ಕು ಒಪ್ಪಿದ್ದರು. ಅದು ತಮಾಷೆಯಾಗಿರಲಿಲ್ಲ ಎಂದು ಈಗ ತಿಳಿಯಿತು. ನಾನು ಅವರ ಬರಹ ನೋಡಿ ಬರೆಯುತ್ತಿದ್ದೆ. ಅವರು ನನ್ನ ಮುಖ ನೋಡಿ ಬರೆಯುತ್ತಿದ್ದರು. ಆ ಪುಸ್ತಕದಲ್ಲಿ ಎರಡು ಸಹಿ ಇದ್ದರೂ ಮೂಸಿ ನೋಡಿದವರು ಯಾರೂ ಇರಲಿಲ್ಲ.

"ದೀಪ ಹಚ್ಬೇಡಿ ಸರ್. ಬಿಸಿ ಕೊಟ್ಟು ಎರಡು ದಿನ ಬಿಡೋಣ."

"ಎರಡು ದಿನ ಅಂದ್ರೆ ಶನಿವಾರದ ಲಾರಿ ತಪ್ಪಿತು. ಉಪಗ್ರಹದಲ್ಲಿ ನಮ್ಮ ಜಾಗಕ್ಕೆ ಇನ್ಯಾರೋ ಕಾಯ್ತಾ ನಿಂತಿದಾರೆ, ಗೊತ್ತಲ್ಲ? ಈ ಕನ್ನಡಿ ಮುಂದಿನ ಐದು ವರ್ಷ ಇಲ್ಲೇ ಪೆಟ್ಟಿಗೇಲಿ ಕೂತಿರತ್ತೆ."

"ಹಚ್ಚಿದ್ರೆ ಕುರುಡಾಗಿ ಹೋಗತ್ತೆ."

"ಪೂರ್ತಿ ಏನ್ ಹೋಗಲ್ಲ. ಎಪ್ಪತ್ನಾಲ್ಕಿದೆ. ಅರುವತ್ತಕ್ಕೆ ಬಂದ್ರೂ ಚಿತ್ರ ಬರತ್ತೆ." ಅವರು ಹಣೆ ಒರೆಸಿಕೊಂಡರು. "ನೋಡಮ್ಮ, ನಾನು ಮಾರ್ಚಿಗೆ ರಿಟೈರ್ ಆಗ್ತೀನಿ. ನಿಂಗೆ ಇನ್ನೂ ಖಾಯಂ ಆಗಿಲ್ಲ. ಹೇಳಿದ್ರೆ ಮೊದ್ಲು ಹೋಗೋದು ಮುತ್ಯಾಲಮ್ಮ. ಆಮೇಲೆ ನೀನು. ಆಮೇಲೆ ನಾನು. ಬೇಕಾ ಇದು?"

ನಾನು ಗುಳಿಗೆಗಳನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದೆ. ಕೈ ತೊಳೆದೆ. ಮತ್ತೆ ತೊಳೆದೆ. ವಾಸನೆ ಹೋಗಲಿಲ್ಲ.

ಅರ್ಪಿತ ಮೇಡಂ ಎರಡೂಕಾಲಿಗೆ ಬಂದರು. ಈ ದೂರದರ್ಶಕ ಅವರದು. ಒಂಬತ್ತು ವರ್ಷದಿಂದ ಅದರ ಹಿಂದೆ ಬಿದ್ದವರು. ದೊಡ್ಡಬಳ್ಳಾಪುರದ ಮಗ್ಗದ ಮನೆಯವರು, ಪವರ್‌ಲೂಮಿನ ಸದ್ದಿನಲ್ಲಿ ಬೆಳೆದದ್ದರಿಂದಲೋ ಏನೋ ಯಾವಾಗಲೂ ಒಂದು ದನಿ ಮೇಲೆಯೇ ಮಾತು.

"ಏನಮ್ಮ ಅಂಬರೀನ್, ಹೆಣ್ಣು ನೋಡಕ್ ಬಂದವ್ರ ಮುಂದೆ ಕೂತಂಗೆ ಕೂತಿದೀಯಲ್ಲ! ಸರ್, ಏನ್ ಬೈದ್ರಿ ಇವ್ಳಿಗೆ?"

ಕೆಂಪರಾಜ್ ಸರ್ ನಕ್ಕರು. ಆ ನಗು ನನಗೆ ಕೇಳಿಸಲಿಲ್ಲ, ಕಾಣಿಸಿತು ಅಷ್ಟೆ.

ಮೇಡಂ ಚೀಲದಿಂದ ಒಂದು ಚಿತ್ರ ತೆಗೆದು ಮೇಜಿನ ಮೇಲೆ ಹರಡಿದರು. ಹಳೆಯ ಯಾವುದೋ ದೂರದರ್ಶಕ ತೆಗೆದದ್ದು. ಸೂರ್ಯನ ಅಂಚು, ಅದರ ಮೇಲೆ ಮಸುಕು ಮಸುಕಾದ ಕಮಾನುಗಳು. "ನೋಡು, ಇದು ಹತ್ತಿ ಉಂಡೆ. ಇದರೊಳಗೆ ಎಳೆ ಇವೆ ಅಂತ ಎಲ್ರೂ ಹೇಳ್ತಾರೆ, ಯಾರೂ ಸರಿಯಾಗಿ ನೋಡಿಲ್ಲ. ನಮ್ಮ ಕನ್ನಡಿ ನೂರೈವತ್ತು ಕಿಲೋಮೀಟರ್ ಅಗಲದ ಎಳೇನೂ ಬಿಡಿಸಿ ತೋರಿಸತ್ತೆ. ಅಂದ್ರೆ ಸೂರ್ಯನ ಮೇಲೆ ಬೂದಿಗೆರೆಯಿಂದ ಮೈಸೂರು ಅಷ್ಟೇ. ಸೂರ್ಯನ ಮೈ ಐದೂವರೆ ಸಾವಿರ ಡಿಗ್ರಿ, ಅದರ ಮೇಲಿನ ಗಾಳಿ ಹತ್ತು ಲಕ್ಷ. ಒಲೆಗಿಂತ ಹೊಗೆ ಬಿಸಿ! ಯಾಕೆ ಅನ್ನೋದು ಈ ಎಳೆಗಳಲ್ಲೇ ಎಲ್ಲೋ ಇದೆ. ಅವು ಹೆಂಗೆ ಹೆಣ್ಕೊಂಡಿವೆ, ಎಲ್ಲಿ ಕಿತ್ಕೊಂಡು ಹೋಗ್ತಾವೆ, ಅದು ಕಂಡ್ರೆ ಸಾಕು ನಂಗೆ."

ಚಿತ್ರದ ಮೇಲೆ ಓಡಾಡುತ್ತಿದ್ದ ಅವರ ಬೆರಳನ್ನೇ ನೋಡುತ್ತಿದ್ದೆ. ಅರುವತ್ತಕ್ಕೆ ಬಂದರೂ ಚಿತ್ರ ಬರುತ್ತದೆ. ಹತ್ತಿಯ ಚಿತ್ರ.

"ಸಾಕ್ಷಿ ಗಾಜು ಎಷ್ಟು?"

"ಮೀಟರ್ ಸ್ವಲ್ಪ ಆಟ ಆಡ್ತಿದೆ" ಎಂದರು ಸರ್. "ಎಪ್ಪತ್ನಾಲ್ಕು ತೋರಿಸ್ತು."

ಮೇಡಂ ಹುಬ್ಬು ಗಂಟಾಯಿತು. ದಾಖಲೆ ಪುಸ್ತಕ ಎಳೆದುಕೊಂಡು ಪುಟ ತಿರುವಿದರು. ಉಷ್ಣತೆ ಸರಿ. ಧೂಳು ಸರಿ. ಇಲ್ಲ, ಇಲ್ಲ. ಇಲ್ಲ, ಇಲ್ಲ. ಎರಡೆರಡು ಸಹಿ.

"ಎಲ್ಲ ಕ್ಲೀನ್ ಇದೆ. ಮೀಟರೇ ಇರ್ಬೇಕು. ನೀವ್ ಹೇಳಿದ್ರೆ ಮುಗೀತು ಸರ್. ಶುರು ಮಾಡೋಣ."

ಎರಡು ಐವತ್ತು.

ದೀಪ ಹಚ್ಚಲು ನಮ್ಮಲ್ಲಿ ಒಂದು ಪದ್ಧತಿ ಇದೆ. ಇಪ್ಪತ್ತೆರಡು ಸಾಲಿನ ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಪ್ರತಿ ಸಾಲಿಗೂ ನೋಡಿ 'ಆಯ್ತು' ಎನ್ನಬೇಕು. ಓದುವವರು ಓದದಿದ್ದರೆ ಕೆಲಸ ಮುಂದಕ್ಕೆ ಹೋಗುವಂತಿಲ್ಲ. ಓದುವವಳು ನಾನು. ದೀಪದ ಬೀಗದ ಕೈ ಹಿಡಿದು ನಿಂತವರು ಕೆಂಪರಾಜ್ ಸರ್.

"ಒಂದು. ತೊಟ್ಟಿಯ ಒತ್ತಡ."

"ಆಯ್ತು."

"ಎರಡು. ತಂಪು ನೀರು."

"ಆಯ್ತು."

ಓದುತ್ತ ಹೋದೆ. ನನ್ನ ದನಿ ಬೇರೆ ಯಾರದೋ ಎನ್ನುವ ಹಾಗಿತ್ತು. ಒಂಬತ್ತು. ಹತ್ತು. ಹನ್ನೊಂದು. ಸರ್ ಹಣೆಯಿಂದ ಒಂದು ಹನಿ ಬೆವರು ಇಳಿದು ಕಿವಿಯ ಪಕ್ಕ ನಿಂತಿತು, ಅವರು ಒರೆಸಿಕೊಳ್ಳಲಿಲ್ಲ. ಹದಿನಾಲ್ಕು. ಹದಿನೈದು. ಅವರು 'ಆಯ್ತು' ಎನ್ನುವ ವೇಗ ಹೆಚ್ಚುತ್ತಿತ್ತು, ನನ್ನ ಓದು ನಿಧಾನವಾಗುತ್ತಿತ್ತು. ಹದಿನಾರು.

"ಆಯ್ತು."

ಹದಿನೇಳನೆಯ ಸಾಲು: ಕನ್ನಡಿಗೆ ಮತ್ತು ಕೊಳವೆಗೆ ಯಾವುದೇ ಸೋಂಕು ತಗುಲಿಲ್ಲ.

ಅಕ್ಷರಗಳು ಕಾಣುತ್ತಿದ್ದವು. ಬಾಯಿ ತೆರೆದೆ. ಬರಲಿಲ್ಲ.

"ಹದಿನೇಳು" ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. "ಓದಮ್ಮ."

"ಆಯ್ತು" ಎಂದುಬಿಟ್ಟರು ಸರ್.

ನಾನು ಓದದ ಸಾಲಿಗೆ ಉತ್ತರ ಬಂದಿತ್ತು. ಮೇಡಂ ತಿರುಗಿದರು. "ಇನ್ನೂ ಓದೇ ಇಲ್ವಲ್ಲ ಸರ್?"

"ಇದನ್ನ ನಾನು ಓದಲ್ಲ ಮೇಡಂ" ಎಂದೆ.

"ಅಂದ್ರೆ?"

ತೊಟ್ಟಿಯೊಳಗೆ ಉಳಿದ ಗಾಳಿಯಲ್ಲಿ ಏನೇನಿದೆ ಎಂದು ತೂಕದ ಪ್ರಕಾರ ಗೆರೆ ಎಳೆದು ತೋರಿಸುವ ಪರದೆ ಒಂದಿದೆ. ಹದಿನೆಂಟಕ್ಕೆ ನೀರು, ಇಪ್ಪತ್ತೆಂಟಕ್ಕೆ ಸಾರಜನಕ. ನಾವು ಯಾವಾಗಲೂ ನೂರರವರೆಗೆ ನೋಡಿ ಬಿಡುತ್ತೇವೆ. ಅದಕ್ಕಿಂತ ಭಾರದ್ದು ನಮ್ಮಲ್ಲಿ ಇರುವುದೇ ಇಲ್ಲ.

"ನೂರೈವತ್ತರವರೆಗೆ ಮಾಡಿ ನೋಡಿ" ಎಂದೆ.

ಮೇಡಂ ಒಂದು ಕ್ಷಣ ನನ್ನನ್ನೇ ನೋಡಿ, ಮೌಸ್ ಎಳೆದರು. ಪರದೆ ಹಿಗ್ಗಿತು. ನೂರು, ನೂರಹತ್ತು, ನೂರಿಪ್ಪತ್ತು, ಎಲ್ಲ ಸಪಾಟು. ನೂರಿಪ್ಪತ್ತೆಂಟರಲ್ಲಿ ಒಂಟಿ ಕಂಬದ ಹಾಗೆ ಒಂದು ಗೆರೆ ನಿಂತಿತ್ತು.

"ನ್ಯಾಫ್ತಲೀನ್" ಎಂದರು ಮೇಡಂ. ಮೊದಲ ಸಲ ಅವರ ದನಿ ಕೆಳಗಿಳಿದಿತ್ತು. "ಇದು ಇಲ್ಲಿಗೆ ಹೆಂಗ್ ಬಂತು?"

ನಾನು ಸರ್ ಕಡೆ ನೋಡಿದೆ.

"ಕೇಳ್ತಿದೀನಿ. ಹೆಂಗ್ ಬಂತು?"

"ಆ ಬಟ್ಟೆ ಹೆಂಗಸು, ಮುತ್ಯಾಲಮ್ಮ" ಎಂದರು ಕೆಂಪರಾಜ್ ಸರ್. "ಬೀರುವಿನಲ್ಲಿ ನುಸಿಗುಳಿಗೆ ಇಟ್ಬಿಟ್ಟಿದಾಳೆ. ಈಗ ಮಧ್ಯಾಹ್ನ ಗೊತ್ತಾಯ್ತು. ಇಂಥವರನ್ನ ಇಟ್ಕೊಂಡ್ರೆ ಹಿಂಗೇ. ಇವತ್ತೇ ಕಳಿಸ್ಬಿಡ್ತೀನಿ."

ನಾನು ನನ್ನ ತಪ್ಪು ಮಾತ್ರ ಹೇಳಿ, ಅವರದನ್ನು ಅವರಿಗೇ ಬಿಡಬೇಕೆಂದುಕೊಂಡಿದ್ದೆ. ನಿಜವಾಗಿ ಹಾಗೇ ಅಂದುಕೊಂಡಿದ್ದೆ. ಜಗುಲಿಯಲ್ಲಿ ಕೈಗವಸು ಜೋಡಿ ಮಾಡುತ್ತ ಕೂತವಳ ಹೆಸರು ಅವರ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದೇ, ಆ ಲೆಕ್ಕಾಚಾರ ಮುರಿಯಿತು.

"ಅವ್ರು ಇಟ್ಟಿದ್ದು ನಿಜ" ಎಂದೆ. "ಇಡ್ಬಾರ್ದು ಅಂತ ನಾವ್ಯಾರೂ ಅವ್ರಿಗೆ ಹೇಳಿಲ್ಲ. ಮೂಸಿ ನೋಡ್ಬೇಕಾದವರು ನಾವಿಬ್ರು. ಹೋದ ಗುರುವಾರ ನಂಗೆ ವಾಸ್ನೆ ಬಂತು ಮೇಡಂ. ನನ್ನ ಮೈದೇ ಅಂದ್ಕೊಂಡು ಹೆದರಿ 'ಇಲ್ಲ' ಅಂತ ಬರೆದೆ."

"ಸರ್ ಕೂಡ 'ಇಲ್ಲ' ಅಂತ ಬರೆದಿದಾರೆ!"

ಈಗ ನಿಲ್ಲಬಹುದಿತ್ತು.

"ಸರ್‌ಗೆ ವಾಸ್ನೆ ಬರಲ್ಲ. ಕೋವಿಡ್ ಆದಾಗಿಂದ."

ಕೆಂಪರಾಜ್ ಸರ್ ನನ್ನನ್ನು ನೋಡಿದ ಬಗೆಯನ್ನು ವಿವರಿಸಲಾರೆ. ಸಿಟ್ಟು ಇದ್ದಿದ್ದರೆ ಸುಲಭವಾಗುತ್ತಿತ್ತು. ಬೀಗದ ಕೈ ಇನ್ನೂ ದೀಪದ ಪೆಟ್ಟಿಗೆಯಲ್ಲೇ ಇತ್ತು, ಅವರ ಬೆರಳು ಇನ್ನೂ ಅದರ ಮೇಲೇ ಇತ್ತು. ಕಾಲು ಸುತ್ತು ತಿರುಗಿಸಿದರೆ ಮುಗಿಯಿತು. ಗೋಡೆ ಗಡಿಯಾರದಲ್ಲಿ ಮೂರು ದಾಟಿ ಎರಡು ನಿಮಿಷ. ಮೇಡಂ ಕೂಡ ಆ ಬೆರಳನ್ನೇ ನೋಡುತ್ತಿದ್ದರು.

"ಸರ್" ಎಂದರು ಮೇಡಂ, ಬಹಳ ಮೆತ್ತಗೆ. "ಕೈ ತೆಗೀರಿ."

ಅವರು ತೆಗೆಯಲಿಲ್ಲ. "ಮೂವತ್ತೊಂದು ವರ್ಷ" ಎಂದರು ಯಾರಿಗೂ ಅಲ್ಲದಂತೆ. "ಒಂದು ಕನ್ನಡಿ ಹಾಳು ಮಾಡಿಲ್ಲ."

"ಇದೂ ಹಾಳಾಗಿಲ್ಲ ಸರ್" ಎಂದೆ. "ಇನ್ನೂ ಆಗಿಲ್ಲ."

ಕೊನೆಗೆ ಅವರು ಬೀಗದ ಕೈಯನ್ನು ನಿಧಾನವಾಗಿ ಹಿಂದಕ್ಕೆಳೆದು, ಮೇಜಿನ ಮೇಲಿಟ್ಟು, ಮೇಡಂ ಕಡೆಗೆ ತಳ್ಳಿದರು. "ಅವಳು ಹೇಳಿದ್ದು ನಿಜ. ಬರ್ಕೊಳ್ಳಿ."

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಮೇಡಂ ಕೊಳವೆಯ ಹೀಟರ್ ಹಾಕಿದರು, ಐವತ್ತು ಡಿಗ್ರಿಗೆ. ಫೋನು ಹಿಡಿದು ಹೊರಗೆ ಹೋದರು. ಗಾಜಿನಾಚೆ ಅವರು ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಮೊದಲು ಜೋರಾಗಿ ಮಾತಾಡುತ್ತಿದ್ದರು, ಆಮೇಲೆ ಬೇಡಿಕೊಳ್ಳುತ್ತಿದ್ದರು. ಅವರು ಬೇಡಿಕೊಳ್ಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅರ್ಧ ಗಂಟೆಯ ಮೇಲೆ ಒಳಗೆ ಬಂದರು.

"ಉಪಗ್ರಹದವ್ರು ಸೋಮವಾರ ಬೆಳಿಗ್ಗೆ ಹತ್ತರವರೆಗೆ ಕಾಯ್ತಾರೆ. ಅಷ್ಟರಲ್ಲಿ ತಲುಪಿಲ್ಲ ಅಂದ್ರೆ ನಮ್ಮ ಜಾಗ ಹೋಯ್ತು. ದೀಪದ ಪರೀಕ್ಷೆಗೆ ಭಾನುವಾರ ಒಂದೇ ದಿನ. ಆ ಹೊತ್ತಿಗೆ ಈ ಗೆರೆ ಇಳಿದಿರ್ಬೇಕು." ಅವರು ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. "ಮುತ್ಯಾಲಮ್ಮನ ತಂಟೆಗೆ ಯಾರೂ ಹೋಗ್ಬೇಡಿ. ನಿಮ್ಮಿಬ್ರ ಕಾರ್ಡೂ ಇಲ್ಲಿಡಿ. ಒಳಕೋಣೆಗೆ ಕಾಲಿಡೋ ಹಂಗಿಲ್ಲ. ಮುಂದೆ ಏನು ಅನ್ನೋದು ನನ್ನ ಕೈಲಿಲ್ಲ."

ಕೊರಳಿನ ಕಾರ್ಡು ತೆಗೆದು ಇಟ್ಟೆ. ಖಾಯಂ ಆಗದವರ ಕಾರ್ಡು ಹಳದಿ, ಆದವರದು ನೀಲಿ. ಎರಡೂ ಒಂದರ ಮೇಲೊಂದು ಬಿದ್ದವು.

"ಹೊರಗಿನ ಪರದೆ ಓದಕ್ಕೆ ಕಾರ್ಡ್ ಬೇಕಿಲ್ಲ" ಎಂದರು ಮೇಡಂ ಬಾಗಿಲ ಬಳಿ ನಿಂತು. "ಕಾಲು ಗಂಟೆಗೊಂದ್ಸಲ ನೂರಿಪ್ಪತ್ತೆಂಟು ಎಷ್ಟಿದೆ ಅಂತ ಓದಿ ಹೇಳ್ಬೇಕು. ಓದ್ತೀಯಾ?"

"ಓದ್ತೀನಿ."

"ಇದ್ದಂಗೆ ಓದ್ಬೇಕು."

"ಹೂಂ ಮೇಡಂ."

ನಾಲ್ಕಕ್ಕೆ ಇನ್ನೂರು ಹತ್ತು. ನಾಲ್ಕೂಕಾಲಿಗೆ ಮುನ್ನೂರು. ಕೊಳವೆ ಬಿಸಿಯಾಗುತ್ತ, ಒಳಗೆ ಕೂತದ್ದು ಎದ್ದು ಹೊರಬರುತ್ತ ಹೋದಂತೆ ಗೆರೆ ಏರುತ್ತ ಹೋಯಿತು. ಐದಕ್ಕೆ ಎಂಟುನೂರು ದಾಟಿತು. ಹೊರಗೆ ವಿಲ್ಲಾ ಕಟ್ಟುವವರು ಸಲಾಕೆ ಇಳಿಸುವ ಸದ್ದು ನಿಂತು, ಯಾರೋ ಟ್ರ್ಯಾಕ್ಟರಿಗೆ ಹತ್ತಿ ಹೋದರು. ಕೆಂಪರಾಜ್ ಸರ್ ಮನೆಗೆ ಹೋಗಿರಲಿಲ್ಲ. ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಐದೂವರೆಗೆ ಎದ್ದು ಬಂದು ಬಾಗಿಲಲ್ಲಿ ನಿಂತರು. ಹೊಸ್ತಿಲು ದಾಟಲಿಲ್ಲ.

"ಎಷ್ಟಿದೆ?"

ಅವರಿಗೆ ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ.

"ಸಾವಿರದ ನೂರು ಸರ್. ಇನ್ನೂ ಏರ್ತಿದೆ."

ಅವರು ತಲೆಯಾಡಿಸಿದರು. ಇಷ್ಟೆಲ್ಲ ಅದರೊಳಗೆ ಇತ್ತು ಎಂಬುದು ಅವರಿಗೆ ಈಗ ಕಂಡಿತ್ತು. ಹೊರಗೆ ಬರಬೇಕಾದದ್ದು ಎಷ್ಟಿದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

"ಏರ್ಲಿ" ಎಂದರು. "ಹೀಟರು ಇನ್ನೈದು ಡಿಗ್ರಿ ತಡೆಯತ್ತೆ, ಕನ್ನಡಿ ಕೂರಿಸಿದ ಅಂಟಿಗೆ ಏನೂ ಆಗಲ್ಲ. ಅರ್ಪಿತಗೆ ಹೇಳು."

ಒಳಗಿದ್ದ ಮೇಡಂಗೆ, ಸರ್ ಹೇಳಿದ್ದೆಂದು ಅವರ ಹೆಸರಿನಲ್ಲೇ ಹೇಳಿದೆ. ಆಮೇಲೆ ಪರದೆಯ ಮೂಲೆಯಲ್ಲಿ ಐವತ್ತು ಇದ್ದದ್ದು ಐವತ್ತೈದಾಯಿತು.